ಏಳನೆಯ ಮೆಟ್ಟಿಲು

ಮಾನ್ಯ ಮನೆ ಮಾಲೀಕರಿಗೆ,

ಅಪಘಾತದಲ್ಲಿ ಕಾಲು ಕಳೆದುಕೊಂಡು ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಮಂಚ, ಪುಸ್ತಕಗಳನ್ನೆಲ್ಲ ಮಹಡಿ ಮನೆಯಿಂದ ಕೆಳಗಿನ ಕೋಣೆಗೆ ಇಳಿಸಿದಿರಿ. ಅದು ಕರುಣೆ ಎಂದೇ ತಿಳಿದಿದ್ದೇನೆ. ಆದರೆ ಬರುವ ತಿಂಗಳು ಆ ಮನೆಯನ್ನು ಬೇರೆಯವರಿಗೆ ಕೊಡುತ್ತೀರಂತೆ. ನನ್ನನ್ನು ಒಂದು ಮಾತು ಕೇಳಿದಿರಾ?

ಮೊನ್ನೆ ನನ್ನ ತಂಗಿಗೆ, "ಆ ಏಳನೇ ಮೆಟ್ಟಿಲು ಎತ್ತರ ನೋಡಮ್ಮ, ಕೃತಕ ಕಾಲಲ್ಲಿ ಎಡವಿ ಬಿದ್ರೆ ಯಾರು ಹೊಣೆ?" ಎಂದಿರಿ. ಅದೇ ಮೆಟ್ಟಿಲು ಉಳಿದವಕ್ಕಿಂತ ಎರಡು ಬೆರಳು ಎತ್ತರವಿದೆ ಎಂದು ಹನ್ನೊಂದು ವರ್ಷದ ಹಿಂದೆ ನಾನು ನಿಮಗೆ ಬರೆದಿದ್ದೆ. "ಮೆಟ್ಟಿಲು ಸರಿಯಾಗಿಯೇ ಇದೆ, ನೀವು ಸ್ವಲ್ಪ ಕಾಲೆತ್ತಿ ನಡೆಯಿರಿ" ಎಂದು ಉತ್ತರಿಸಿದ್ದಿರಿ. ಆ ಚೀಟಿ ಇನ್ನೂ ನನ್ನ ಬಳಿ ಇದೆ.

ಈಗ ಅದನ್ನೇ ಪಾಲಿಸುತ್ತಿದ್ದೇನೆ. ಮೊದಲ ದಿನ ಏಳನೆಯದರಲ್ಲಿ ಬಿದ್ದದ್ದು ನಿಜ. ಆಮೇಲೆ ಒಂದು ತಿಂಗಳು, ನೀವು ವಾಕಿಂಗ್ ಹೊರಟ ಮೇಲೆ, ದಿನವೂ ಅಭ್ಯಾಸ ಮಾಡಿದೆ. ಹತ್ತುವಾಗ ಹಳೆಯ ಕಾಲು ಮೊದಲು, ಇಳಿಯುವಾಗ ಹೊಸ ಕಾಲು ಮೊದಲು. "ಕಾಲು ಹೋದ್ರೂ ನಿನ್ನ ಹಟ ಹೋಗ್ಲಿಲ್ವಲ್ಲೋ ಅಣ್ಣ" ಎಂದು ಬೈಯುತ್ತಲೇ ತಂಗಿ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಈ ವಾರ ಅವಳು ಕೆಳಗೇ ಕೂತು ಪೇಪರ್ ಓದಿದಳು, ತಲೆ ಎತ್ತಲಿಲ್ಲ.

ಹೊಸ ಬಾಡಿಗೆದಾರರಿಗಾಗಿ ಗಾರೆಯವನನ್ನು ಕರೆಸುತ್ತೀರಂತೆ. ದಯವಿಟ್ಟು ಆ ಮೆಟ್ಟಿಲನ್ನು ಮುಟ್ಟಿಸಬೇಡಿ. ಈ ಕಾಲು ಅದನ್ನು ಕಲಿತಾಗಿದೆ. ಮಹಡಿ ಮನೆಯ ಬೀಗದ ಕೈ ಕೊಡಲು ನೀವು ಕೆಳಗೆ ಇಳಿಯುವುದೂ ಬೇಡ. ನಿಮ್ಮ ಬಾಗಿಲೂ ಅದೇ ಮಹಡಿಯಲ್ಲಿದೆ. ಭಾನುವಾರ ಬೆಳಿಗ್ಗೆ ಬಂದು ತಟ್ಟುತ್ತೇನೆ.

ಇಂತಿ,
ನಿಮ್ಮ ಮಹಡಿ ಮನೆಯವನು