ಗದ್ದದ ಕೆಳಗೊಂದು ಅಂಗೈ

ಚಾರ್ಮಾಡಿ
16-12-2024

ಪ್ರೀತಿಯ ತಮ್ಮ ಅಶೋಕನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ಕುವೈತಿನಲ್ಲಿ ಈಗ ಚಳಿ ಸುರುವಾಗಿರಬೇಕು. ಹೋಟೆಲಿನ ಅಡುಗೆಮನೆಯಿಂದ ಬೆವರಿಕೊಂಡೇ ಹೊರಗೆ ಬಂದು ಗಾಳಿಗೆ ನಿಲ್ಲಬೇಡ, ನಿನ್ನ ಕೆಮ್ಮು ನನಗೆ ಗೊತ್ತುಂಟು. ಎರಡು ಶುಕ್ರವಾರ ಕಳೆಯಿತು, ನಿನ್ನ ಫೋನಿಲ್ಲ. ನಾನು ಮಾಡಿದರೂ ಎತ್ತುವುದಿಲ್ಲ. ಕೊನೆಯ ಸಲ, "ಅಮ್ಮನಿಗೆ ನನ್ನತ್ರ ಮಾತಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಬೇಡ ಅಕ್ಕ, ನಾನೂ ಇನ್ನು ಫೋನ್ ಮಾಡುದಿಲ್ಲ" ಎಂದು ಇಟ್ಟುಬಿಟ್ಟೆ. ದೀಪಾವಳಿಗೆ ಬರಲಾಗುವುದಿಲ್ಲ ಎಂದದ್ದಕ್ಕೆ ಅಮ್ಮ ಮುನಿಸಿಕೊಂಡಿದ್ದಾರೆ ಎಂದು ನೀನು ತಿಳಿದಿದ್ದೀಯ. ಹಾಗಲ್ಲ ಮಾರಾಯ. ರಜೆಗೆ ಬಂದಿದ್ದ ನಿನ್ನ ದೋಸ್ತಿ ಉನೈಸ್ ನಾಳೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ಒಲೆಯ ಮುಂದೆ ನಿಂತು ಓದುತ್ತೀಯ. ಇದನ್ನು ಕೂತು ಓದು.

ಅಮ್ಮನಿಗೆ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಕಾವಲಿಯಿಂದ ನೀರುದೋಸೆ ಎಬ್ಬಿಸಲು ಹೋದ ಕೈ ಹಾಗೇ ಕೆಳಗೆ ಬಿತ್ತು. ನಿನ್ನ ಭಾವ ಜೀಪಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಜೀವ ಉಳಿಯಿತು. ಬಲಗೈಗೆ ಬಲವಿಲ್ಲ, ಬಾಯಿ ಒಂದು ಬದಿಗೆ ಎಳೆದಿದೆ, ಮಾತು ಹೋಗಿದೆ. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ. ನಿನಗೆ ತಿಳಿಸಲು ವಿಡಿಯೊ ಕಾಲ್ ಮಾಡ ಹೊರಟಾಗ ಎಡಗೈಯಿಂದ ಸೆರಗನ್ನು ಮುಖಕ್ಕೆ ಎಳೆದುಕೊಂಡು ಫೋನನ್ನು ದೂಡಿದರು. "ಅವನಿಗೆ ಹೇಳುವುದೇ ಬೇಡವಾ?" ಎಂದು ಕೇಳಿದರೆ ಬೇಡವೆಂದು ತಲೆ ಅಲ್ಲಾಡಿಸಿ ಅತ್ತರು. ಅದಕ್ಕೇ "ನಿದ್ದೆ ಮಾಡ್ತಿದ್ದಾರೆ", "ಭಜನೆಗೆ ಹೋಗಿದ್ದಾರೆ" ಎಂದು ವಾರಕ್ಕೊಂದು ಸುಳ್ಳು ಹೇಳಿದೆ. ಭಜನೆಯಲ್ಲಿ ಎಲ್ಲರಿಗಿಂತ ಮೇಲೆ ಕೇಳುತ್ತಿದ್ದ ಸ್ವರ ಅವರದು. ನಿನ್ನ ಮಾತಿನಿಂದ ಆದದ್ದಲ್ಲ ಇದು, ಡಾಕ್ಟರು ಬಿಪಿಯಿಂದ ಎಂದಿದ್ದಾರೆ. ಇದೊಂದನ್ನು ನಂಬು.

ಇನ್ನು ಶಾಲೆಯ ಸುದ್ದಿ. ಅಕ್ಕನ ಪಾಠ ಯಾರಿಗೆ ಬೇಕು ಎಂದು ಹಾರಿಸಬೇಡ, ಇದು ಬೇಕಾಗುತ್ತದೆ. ಒಂದನೆಯ ಮಕ್ಕಳಿಗೆ ಈಗ ಇಂಗ್ಲಿಷಿನ ಹ್ರಸ್ವ ಸ್ವರ ಕಲಿಸುತ್ತಿದ್ದೇನೆ. ಕಪ್, ಬಸ್, ಸನ್ ಎನ್ನುವಾಗ ನಡುವೆ ಬರುತ್ತದಲ್ಲ, ಅದು. ಮಾತಾಡುವಾಗ ಎಲ್ಲರಿಗೂ ಬಸ್ಸೇ, ಪುಸ್ತಕದಲ್ಲಿ ಯು ಅಕ್ಷರ ಕಂಡರೆ ಮಾತ್ರ ತುಟಿ ಮುಂದೆ ಚಾಚಿ "ಬುಸ್" ಎನ್ನುತ್ತಾರೆ. ಇಡೀ ತರಗತಿ ಹಾವಿನ ಬುಟ್ಟಿ! ಕೊನೆಗೆ ಎಲ್ಲರಿಗೂ ಗದ್ದದ ಕೆಳಗೆ ಅಂಗೈ ಇಟ್ಟುಕೊಳ್ಳಲು ಹೇಳಿದೆ. ತುಟಿ ಗುಂಡಗೆ ಮಾಡುವಂತಿಲ್ಲ, ನಾಲಗೆ ಎತ್ತುವಂತಿಲ್ಲ. ಗದ್ದವನ್ನು ಕೈಯ ಮೇಲೆ ಚೂರು ಇಳಿಸಿ ಉಸಿರು ಬಿಟ್ಟರೆ ಸಾಕು, "ಅ". "ಬಾಯಿಗೆ ಏನೂ ಕೆಲಸ ಕೊಡ್ಬೇಡಿ ಮಕ್ಕಳೇ, ಇದು ಸೋಮಾರಿ ಸ್ವರ" ಎಂದೆ. ನಿನ್ನ ಸೊಸೆ ಸಾತ್ವಿಕಾ ಅದೇ ತರಗತಿಯಲ್ಲಿ ಕೂತು ಹೆತ್ತ ತಾಯಿ ನನ್ನನ್ನೇ "ಟೀಚರ್" ಎಂದು ಕರೆಯುವ ಬಿಗುಮಾನದವಳು. ಮೊದಲು ಕಲಿತದ್ದು ಅವಳೇ.

ಅಮ್ಮನಿಗೆ ದಿನಾ ಸ್ವರ ಹೊರಡಿಸಲು ಅಭ್ಯಾಸ ಮಾಡಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾನು "ಮ" ಹೇಳಿಸಲು, "ಪ" ಹೇಳಿಸಲು ನೋಡಿದೆ. ತುಟಿ ಕೂಡುವುದಿಲ್ಲ. ಅಮ್ಮ ಮುಖವೆಲ್ಲ ಬಿಗಿ ಮಾಡಿ ಯತ್ನಿಸುತ್ತಾರೆ, ಜೊಲ್ಲು ಇಳಿಯುತ್ತದೆ, ನಾಚಿಕೆಯಾಗಿ ಗೋಡೆಯ ಕಡೆ ತಿರುಗುತ್ತಾರೆ. ಊರಿನ ಮಕ್ಕಳಿಗೆಲ್ಲ ಮಾತು ಕಲಿಸುವ ನಾನು ಮನೆಯಲ್ಲಿ ಸೋತುಬಿಟ್ಟೆ ತಮ್ಮ. ಒಂದು ಸಂಜೆ ಸಾತ್ವಿಕಾ ಮಂಚ ಹತ್ತಿ ಕೂತು ಅಜ್ಜಿಯ ಗದ್ದದ ಕೆಳಗೆ ತನ್ನ ಅಂಗೈ ಇಟ್ಟಳು. "ಅಜ್ಜೀ, ನೀವು ತುಟಿಗೆ ಕೆಲಸ ಕೊಡುದು ಯಾಕೆ? ನನ್ನ ಕೈ ಮೇಲೆ ಬಿಡಿ, ಸುಮ್ನೆ ಬಿಡಿ." ಜೊಲ್ಲು ಅವಳ ಕೈಗೇ ಬಿತ್ತು. ಯೂನಿಫಾರ್ಮಿಗೆ ಒರೆಸಿಕೊಂಡು ಮತ್ತೆ ಕೈ ಇಟ್ಟಳು. ದಿನಾ ಶಾಲೆಯಿಂದ ಬಂದು ಇದೇ ಕೆಲಸ. ಕಳೆದ ವಾರ ನಾನು ಅಕ್ಕಿ ತೊಳೆಯುತ್ತಿದ್ದಾಗ ಒಳಗಿನಿಂದ ಕೇಳಿತು, ಒಣಗಿದ ಗಂಟಲಿನ ಒಂದು "ಅ". ಹಾಗೇ ನಿಂತು ಅತ್ತೆ.

ಮೊನ್ನೆ ಶುಕ್ರವಾರ ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದರು. ಒಮ್ಮೆ ರಿಂಗಾಯಿತು. ಅಮ್ಮ ಗಡಬಡಿಸಿ ಎಡಗೈಯಿಂದ ಕಿವಿಗೆ ಒತ್ತಿಕೊಂಡು "ಅ" ಎಂದರು. ಯಾವುದೋ ಕಂಪೆನಿಯ ಫೋನು, ಆ ಕಡೆಯವಳು ಏನೋ ಓದಿಕೊಂಡೇ ಹೋದಳು. ಅಮ್ಮ ಅವಳಿಗೂ ಇನ್ನೆರಡು ಸಲ "ಅ" ಎಂದರು. ಫೋನನ್ನು ಅವರ ಕೈಯಿಂದ ತೆಗೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಮುಂದೆ ಇನ್ನೂ ಮಾತು ಬರಬಹುದು, ಮತ್ತೊಮ್ಮೆ ಸ್ಟ್ರೋಕ್ ಆದರೆ ಇದೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಭಾವ ನಿನ್ನನ್ನು ಕೇಳಿದ್ದಾರೆ. ಉನೈಸನ ಹತ್ತಿರ ಹಲಸಿನ ಹಪ್ಪಳ ಕಳಿಸಿದ್ದೇನೆ. ಬೇಸಗೆಯಲ್ಲಿ ಅಮ್ಮ ಒತ್ತಿಟ್ಟದ್ದು, ಡಬ್ಬದಲ್ಲಿ ಉಳಿದದ್ದು ಇಷ್ಟೇ. ರೂಮಿನವರಿಗೆಲ್ಲ ಹಂಚಿಬಿಡಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಭವ್ಯಶ್ರೀ

ಮರೆತ ಮಾತು: ಉನೈಸ್ ಅಂಗಳಕ್ಕೆ ಬಂದಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬರುವ ಶುಕ್ರವಾರ ಫೋನ್ ಮಾಡು, ವಿಡಿಯೊ ಬೇಡ. ಅಮ್ಮನೇ ಎತ್ತುತ್ತಾರೆ. ನೀನು ಹಲೋ ಹಲೋ ಎಂದು ಅವಸರ ಮಾಡಬೇಡ. ಸ್ವಲ್ಪ ಹೊತ್ತು ಬರೀ ಉಸಿರು ಕೇಳುತ್ತದೆ, ಆಮೇಲೆ ಒಂದು "ಅ". ಅವರು ಅದನ್ನು ನನಗೆ ಹೇಳುವುದಿಲ್ಲ, ಭಾವನಿಗೆ ಹೇಳುವುದಿಲ್ಲ. ಫೋನಿಗೆ, ಮತ್ತೆ ಗೋಡೆಯ ಮೇಲಿನ ನಿನ್ನ ಫೋಟೊಕ್ಕೆ ಮಾತ್ರ. ಲೈನ್ ಸರಿ ಇಲ್ಲ ಎಂದು ಇಟ್ಟುಬಿಡಬೇಡ ಅಶೋಕ. ಅದು ನಿನ್ನ ಹೆಸರು.