ಅಪ್ಪನ ಬುಧವಾರದ ಕಾಡು

ಆಲೆಟ್ಟಿ, ಸುಳ್ಯ
೧೭ ನವೆಂಬರ್ ೨೦೨೪

ಪ್ರೀತಿಯ ಮಗಳು ಪ್ರೀತಿಕಾಳಿಗೆ,

ಹೇಗಿದ್ದಿ ಪುಟ್ಟಾ? ಆ ಎತ್ತರದಲ್ಲಿ ಉಸಿರು ಕಟ್ಟುದು ಕಡಿಮೆ ಆಯ್ತಾ? ಮಿಲಿಟರಿ ಆಸ್ಪತ್ರೆಯ ನರ್ಸಿಗೆ ಶೀತ ಹಿಡಿಯುದಿಲ್ಲ ಅಂತ ಎಲ್ಲಿಯೂ ಇಲ್ಲ, ಕಾಲುಚೀಲ ಒಂದರ ಮೇಲೊಂದು ಹಾಕು. ನಾನು ಆರಾಮ ಇದ್ದೇನೆ. ಅಪ್ಪನ ಉತ್ತರಕ್ರಿಯೆ, ಬೊಜ್ಜ ಮುಗಿಸಿ ನೀನು ಹೋದ ಮೇಲೆ ಒಂದು ಸಂಗತಿ ಆಯಿತು. ಫೋನಿನಲ್ಲಿ ಹೇಳುವ ಅಂದರೆ ನಿನ್ನ ಲೈನ್ ನಡುವಲ್ಲೇ ತುಂಡಾಗುತ್ತದೆ. ಇದು ಅರ್ಧ ಕೇಳುವ ವಿಷಯ ಅಲ್ಲ.

ಅಪ್ಪ ಎಂಥವರು ಅಂತ ನಿನಗೆ ಗೊತ್ತುಂಟು. ಸೈನ್ಯದಿಂದ ರಜೆ ಸಿಕ್ಕಿದರೆ ನೆಟ್ಟಗೆ ಮನೆಗೆ ಬಂದವರೇ ಅಲ್ಲ. ತವಾಂಗ್‌ನಿಂದ ಹೊರಟು, ಬ್ರಹ್ಮಪುತ್ರದಲ್ಲಿ ದೋಣಿ ಹತ್ತಿ, ಯಾವುದೋ ಕಾಡು ಸುತ್ತಿ ಸುಳ್ಯದಲ್ಲಿ ಬಸ್ಸಿಳಿಯುವಾಗ ಅರ್ಧ ರಜೆ ಮುಗಿದಿರುತ್ತಿತ್ತು. ನೀನು ಹುಟ್ಟಿದಾಗ ನನಗೆ ತಂದದ್ದು ಪೈನ್ ಮರದ ಕಾಯಿ. ಸೀರೆ ಅಂತ ಗಂಟು ಬಿಚ್ಚಿದವಳು ನಾನು! ಹವಾಲ್ದಾರರಾಗಿ ನಿವೃತ್ತಿಯಾದ ಮೇಲೆ ಕುಮಾರಪರ್ವತ, ಬಿಸಿಲೆ ಅಂತ ತಿರುಗಿದರು. ಹಕ್ಕಿ ಕೂಗಿದರೆ ಉಣ್ಣುವ ಬಟ್ಟಲು ಬಿಟ್ಟು ಅಂಗಳಕ್ಕೆ ಓಡುವವರು.

ಆದರೆ ಈಚೆಗೆ ಬುಧವಾರ ಬಂತೆಂದರೆ ಕಡಬದ ಕಾಡಿಗೆ ಅಂತ ಹೊರಡುತ್ತಿದ್ದರಲ್ಲ, ಆ ಕಾಡನ್ನು ನಾನು ನಂಬಿರಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕಾಡಿಗೆ ಹೋದವರ ಶೂಸಿನಲ್ಲಿ ಕೆಸರಿಲ್ಲ, ಕಾಲಲ್ಲಿ ಇಂಬಳ ಕಚ್ಚಿದ ಗುರುತಿಲ್ಲ. "ಎಂತ ನೋಡಿದಿರಿ?" ಕೇಳಿದರೆ ಯಾವಾಗಲೂ "ಮಂಗಟ್ಟೆ." ಕಾಡಿನಲ್ಲಿ ಬೇರೆ ಹಕ್ಕಿಯೇ ಇಲ್ಲವಾ? ನಾನೂ ಬರ್ತೇನೆ ಅಂದರೆ "ನಿನಗೆ ಹತ್ತಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ತಿ." ಅಂಗಿ ಒಗೆಯುವಾಗ ಅತ್ತರಿನ ಪರಿಮಳ. ಈ ಪ್ರಾಯದ ಗಂಡನ ಮೇಲೆ ಇಂಥ ಸಂಶಯ ಅಂತ ಯಾರ ಹತ್ತಿರ ಹೇಳುದು? ನುಂಗಿಕೊಂಡೆ.

ಮೊನ್ನೆ ಕಡಬದ ರಿಕ್ಷಾದವರು, ಮುಸ್ತಫಾ ಅಂತ, ಸಾವಿನ ಸುದ್ದಿ ತಡವಾಗಿ ತಿಳಿದು ಬಂದರು. ನಮ್ಮ ನೆಂಟರೇ ಅಷ್ಟು ಅತ್ತಿಲ್ಲ. ಅಪ್ಪ ಬುಧವಾರ ಎಲ್ಲಿಗೆ ಹೋಗುತ್ತಿದ್ದರು ಅಂತ ಕೇಳಿದೆ. "ಕಾಡಿಗೆ" ಅಂದರು, ನೆಲ ನೋಡಿಕೊಂಡು. "ಹಾಗಾದರೆ ನನಗೂ ತೋರಿಸಿ" ಅಂತ ಅವರ ರಿಕ್ಷಾ ಹತ್ತಿಯೇ ಬಿಟ್ಟೆ. ಕೊನೆಗೆ ನಿಂತದ್ದು ಒಂದು ಮನೆಯೆದುರು. ಒಬ್ಬಳು ಹೆಂಗಸು ಹೊರಗೆ ಬಂದಳು. ಒಳಗಿನ ಮೊಳೆಯಲ್ಲಿ ಅಪ್ಪನ ಟೋಪಿ!

ಅವಳು ಲೈಲಾ, ಮುಸ್ತಫಾರ ಹೆಂಡತಿ. ನನ್ನ ಮುಖ ನೋಡಿದವಳೇ ಗಂಡನಿಗೆ "ಇನ್ನು ಮುಚ್ಚಿಡುದು ಯಾರಿಗೋಸ್ಕರ?" ಅಂದು, ನನ್ನ ಕಡೆ ತಿರುಗಿ, "ಹವಾಲ್ದಾರರಿಗೆ ಕಣ್ಣು ಹೋಗಿತ್ತು ಅಕ್ಕಾ" ಅಂದಳು.

ಎದುರಿಗಿದ್ದದ್ದು ಒಂದಿಷ್ಟು ಕಾಣುತ್ತಿತ್ತಂತೆ, ಅಕ್ಕಪಕ್ಕ ಪೂರ್ತಿ ಕತ್ತಲೆ. ಮನೆ, ಅಂಗಳದಲ್ಲಿ ಅಭ್ಯಾಸದ ಮೇಲೆ ನಡೆಯುತ್ತಿದ್ದರು, ನನಗೆ ಗೊತ್ತೇ ಆಗಲಿಲ್ಲ. ಬಸ್ಸಿಳಿಯುವಾಗ ಮುಸ್ತಫಾ ತೋಳು ಹಿಡಿಯುತ್ತಿದ್ದರಂತೆ. ಅತ್ತರು ಅವರದ್ದು. ಕುಮಾರಧಾರೆಯ ದಡದಲ್ಲಿ ರಿಕ್ಷಾ ನಿಲ್ಲಿಸಿ, ಕಂಡದ್ದನ್ನು ಅಪ್ಪನಿಗೆ ಹೇಳುದು. "ಹಕ್ಕಿಯ ಹೆಸರು ನನಗೆಂತ ಗೊತ್ತು? ದೊಡ್ಡದು, ಕಪ್ಪು, ಮೂಗು ಇಷ್ಟುದ್ದ ಅಂತ ಹೇಳಿದರೆ ಸಾಕು, ಮಂಗಟ್ಟೆ ಅಂತ ಸೀಟಿನಿಂದ ಏಳುತ್ತಿದ್ದರು" ಅಂದರು ಮುಸ್ತಫಾ. ನಿನಗೆ ಮೇಲಿನ ಪೋಸ್ಟಿಂಗ್ ಆಗತಾನೇ ಬಂದಿತ್ತು. ಕಣ್ಣಿನ ಸುದ್ದಿ ತಿಳಿದರೆ ನೀನು ಅದನ್ನು ಬಿಟ್ಟು ಬರುತ್ತಿ ಅಂತ ಅಪ್ಪನಿಗೆ ಹೆದರಿಕೆ. "ನನ್ನ ಹೆಂಡತಿ ಚೆನ್ನುವಿನ ಬಾಯಲ್ಲಿ ಗುಟ್ಟು ನಿಲ್ಲುದಿಲ್ಲ, ನಾನು ನೋಡದ ಬೆಟ್ಟ ಮಗಳಾದರೂ ನೋಡಲಿ" ಅಂತ ಇವರಿಬ್ಬರ ಬಾಯಿ ಕಟ್ಟಿದ್ದರಂತೆ. ಬೇರೆ ಹೆಂಗಸು ಇದ್ದಿದ್ದರೆ ಬೈದು ಮುಗಿಸಬಹುದಿತ್ತು. ಇದನ್ನು ಎಂತ ಮಾಡುದು? ಹೊಳೆಬದಿಗೆ ಹೋಗಿ, ಅವರು ಕೂರುತ್ತಿದ್ದ ಸೀಟಿನಲ್ಲಿ ಕೂತು ಅತ್ತು ಬಂದೆ.

ಅಲ್ಲಿಯ ಬೆಟ್ಟಗಳನ್ನು ಅಪ್ಪನ ಪಾಲಿನದ್ದೂ ಸೇರಿಸಿ ನೋಡು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಚೆನ್ನು

ತಾ.ಕ.: ಪೋಸ್ಟಿಗೆ ಹೊತ್ತಾಯಿತು, ಆದರೆ ಇದು ಮುಖ್ಯ. ಹೊರಡುವಾಗ ಲೈಲಾ ಕೈ ಹಿಡಿದು ಇನ್ನೊಂದು ಮಾತು ಹೇಳಿದಳು. ಇದು ಗ್ಲಾಕೋಮಾ, ಮಕ್ಕಳಿಗೂ ಬರಬಹುದು, ಬೇಗ ಪರೀಕ್ಷೆ ಮಾಡಿಸಿ ಅಂತ ಪುತ್ತೂರಿನ ಡಾಕ್ಟರು ಹೇಳಿದ್ದರಂತೆ. ರಜೆಯಲ್ಲಿ ಬಂದಾಗ ನಿನಗೆ ಹೇಳುವ ಅಂತ ಅಪ್ಪ ಕಾದರು, ಅಷ್ಟರಲ್ಲಿ ಎದೆನೋವು ಅವರನ್ನು ಕೊಂಡೊಯ್ದಿತು. ನೋವಿಲ್ಲದೆ ಬರುವ ಕಾಯಿಲೆ ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಇವತ್ತೇ ಕಣ್ಣು ತೋರಿಸು. "ಎಲ್ಲ ಸರಿ ಉಂಟಮ್ಮಾ" ಅಂತ ನೀನು ಹೇಳಿದರೆ ನಾನು ನಂಬುದಿಲ್ಲ. ನೀನೂ ಅವರ ಮಗಳೇ. ಲೈನ್ ಸಿಕ್ಕಿದಾಗ ಡಾಕ್ಟರ ಹತ್ತಿರವೇ ಮಾತಾಡಿಸು.