ಒಂದು ಓರೆ ದಂಟು

ಮುನವಳ್ಳಿ
೧೯ ಜನವರಿ ೨೦೨೫

ಪ್ರೀತಿಯ ನೂರಬಿ,

ನೀನೂ ಮಕ್ಕಳೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಈ ಸಲವೂ ನೀನು ಹೊಲಿದು ಕಳಿಸಿದ ಜಂಪರು ದೀಪಾವಳಿಗೆ ಮುಂಚೆಯೇ ಮುಟ್ಟಿತು, ಮೈಗೆ ಅಚ್ಚುಕಟ್ಟಾಗಿ ಕೂತಿತು. ತಿಳಿಸಲು ಇಷ್ಟು ತಡ ಮಾಡಿದ್ದಕ್ಕೆ ಎರಡು ಬೈಗುಳ ಬೈದುಬಿಡು. ಫೋನು ಮಾಡಬಹುದಿತ್ತು, ಹೇಳಬೇಕಾದದ್ದು ಫೋನಿನಲ್ಲಿ ಬಾಯಿಂದ ಹೊರಡಲಿಲ್ಲ.

ಈ ವಾರ ನನ್ನ ಒಂಬತ್ತನೆಯ ತರಗತಿಯವರಿಂದ ಜೋಳದ ದಂಟಿನ ಸೇತುವೆ ಕಟ್ಟಿಸಿದೆ, ಬೆಂಚಿನಿಂದ ಬೆಂಚಿಗೆ. ನಾವು ಶಾಲೆ ಕಲಿಯುವಾಗ ನಮ್ಮ ಮಡಿವಾಳೆಪ್ಪ ಸರ್ ಕಟ್ಟಿಸಿದ್ದರಲ್ಲ, ಹಾಗೆಯೇ. ಕೋಣೆಯ ತುಂಬ ಸಿಬುರು, ದಾರದ ಉಂಡೆ, ಒಣ ದಂಟಿನ ವಾಸನೆ. ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತಂತೆ ಕಂಡಿತು. ನೀನು ದಾರದ ತುದಿ ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದೆ. ನಾನು ಕೆಲಸಗಳ್ಳಿ, ದಂಟಿನೊಳಗಿನ ಬೆಂಡಿನಲ್ಲಿ ಎತ್ತು ಮಾಡುತ್ತ ಕೂರುತ್ತಿದ್ದೆ. ಆ ದಿನಗಳು ಮತ್ತೆ ಬೇಕೆನಿಸುತ್ತವೆ, ನೂರಬಿ.

ಬರೀ ಚೌಕಟ್ಟು ಭಾರಕ್ಕೆ ವಾಲುತ್ತದೆ, ಓರೆಯಾಗಿ ಒಂದು ದಂಟು ಕಟ್ಟಿ ತ್ರಿಕೋನ ಮಾಡಿದರೆ ನಿಲ್ಲುತ್ತದೆ. ಇದನ್ನು ನಾನು ಹೇಳಿಕೊಡಲಿಲ್ಲ, ಮಕ್ಕಳೇ ನಾಲ್ಕು ಸಲ ಬೀಳಿಸಿ ಕಂಡುಕೊಂಡರು. ಕೊನೆಗೆ ಇಟ್ಟಿಗೆ ಹೇರುವ ಹೊತ್ತಿಗೆ ಗಂಗಾ ಎಂಬ ಹುಡುಗಿ, ನೋಡಲು ಚಂದ ಕಾಣಲೆಂದು ಒಂದು ಓರೆ ದಂಟು ಬಿಚ್ಚಲು ಕೈ ಹಾಕಿದಳು.

"ಅದನ್ನ ತಗೀಬ್ಯಾಡ" ಎಂದು ಚೀರಿಬಿಟ್ಟೆ. ಗಂಗಾ ಅತ್ತೇಬಿಟ್ಟಳು. ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆ. ಸೇತುವೆ ಒಂಬತ್ತು ಇಟ್ಟಿಗೆ ತಡೆಯಿತು.

ಬರುವ ಶನಿವಾರ ನಮ್ಮ ಶಾಲೆಗೆ ಬಾ. ಗಂಟು ಬಿಗಿಯುವುದನ್ನು ಮಕ್ಕಳಿಗೆ ನೀನೇ ತೋರಿಸಬೇಕು. ಎಂ.ಕೆ. ಹುಬ್ಬಳ್ಳಿಯಿಂದ ಬೇಗ ಹೊರಡು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡರೆ ಮಧ್ಯಾಹ್ನವೇ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ನೂರು ವರ್ಷ ಚೆನ್ನಾಗಿರಲಿ.

ನಿನ್ನ
ರಾಜೇಶ್ವರಿ

ತಾ.ಕ.: ಅಂದು ನಮ್ಮ ಸೇತುವೆ ಮೂರನೆಯ ಇಟ್ಟಿಗೆಗೇ ಕುಸಿದಾಗ ಸರ್ ಎಲ್ಲರೆದುರು, "ನೂರಬಿ, ನಿನ್ನ ಕೈಗೆ ಒಂದೂ ಕೆಲಸ ಹತ್ತೂದಿಲ್ಲ ಬಿಡು" ಅಂದರು. ಅದೇ ಮಾತು ಹಿಡಿದು ನಿಮ್ಮ ಅಪ್ಪ ಇಮಾಮಸಾಬ ಕಾಕಾ ನಿನ್ನ ಶಾಲೆ ಬಿಡಿಸಿದರು. ನಿನ್ನ ಗಂಟು ಒಂದೂ ಬಿಚ್ಚಿರಲಿಲ್ಲ. ಚಂದ ಕಾಣಲೆಂದು ಪ್ರಾರ್ಥನೆಗೆ ಮುಂಚೆ ಓರೆ ದಂಟು ಕತ್ತರಿಸಿ ತೆಗೆದವಳು ನಾನು. ಅದು ನನ್ನ ಪಾಟಿಚೀಲದಿಂದ ಇಣುಕುತ್ತಿತ್ತು. ನೀನು ಅದನ್ನು ನೋಡಿದೆ, ನನ್ನ ಮುಖ ನೋಡಿದೆ, ಏನೂ ಅನ್ನಲಿಲ್ಲ. ಶನಿವಾರ ಇದನ್ನು ಮಕ್ಕಳ ಎದುರಿಗೇ ಹೇಳುತ್ತೇನೆ. ಕೆಲಸ ಹತ್ತುವುದಿಲ್ಲವೆನಿಸಿಕೊಂಡ ಆ ಕೈ ಹೊಲಿದದ್ದನ್ನೇ ತೊಟ್ಟು ಇಷ್ಟು ವರ್ಷ ಪಾಠ ಮಾಡಿದ್ದೇನೆ.